ಅಕ್ಕನ ಪಾಲು

ನನ್ನ ಅಕ್ಕ ಹದಿನಾರು ವರ್ಷ ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆ ಎಂದು ಮೈಕಿನಲ್ಲಿ ಹೇಳುವ ಕೆಲಸ ಮಾಡಿದಳು. ಬಸ್ಸು ತಡವಾದರೆ ತಡ ಎಂದಷ್ಟೇ ಹೇಳಿ ಸುಮ್ಮನಾಗುವ ಜಾತಿ ಅವಳದಲ್ಲ. ಇನ್ನೂ ಇಪ್ಪತ್ತು ನಿಮಿಷ ಇದೆ, ಮಕ್ಕಳಿಗೆ ನೀರು ಕುಡಿಸಿಕೊಂಡು ಬನ್ನಿ, ಟಿಕೆಟ್ ಜೇಬಲ್ಲೇ ಇದೆಯಾ ಒಮ್ಮೆ ಮುಟ್ಟಿ ನೋಡಿಕೊಳ್ಳಿ ಎಂದು ಸೇರಿಸುತ್ತಿದ್ದಳು. ಮೇಲಿನವರು ಎರಡು ಸಲ ಮೆಮೊ ಕೊಟ್ಟರು. ಮೂರನೆಯ ಸಲ ಆ ಗೋಜಿಗೆ ಹೋಗದೆ, ರೆಕಾರ್ಡ್ ಮಾಡಿದ ದನಿಯ ಯಂತ್ರವನ್ನೇ ತಂದು ಕೂರಿಸಿದರು. ಅಕ್ಕ ಮನೆಗೆ ಬಂದಳು. ಆ ಗೂಡಿನ ಸಂಬಳದಲ್ಲೇ ಅವಳು ನನ್ನನ್ನು ಲೆಕ್ಕಪತ್ರದ ಓದು ಓದಿಸಿದ್ದು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಅಮ್ಮ ಹೋದ ಮೇಲೆ ನನ್ನ ತಲೆ ಬಾಚಿದವಳೂ ಅವಳೇ, ಕಿವಿ ಹಿಂಡಿದವಳೂ ಅವಳೇ.

ಭಾವ ಅವಳಿಗೆ ಪೂರ್ತಿ ಉಲ್ಟಾ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಅದರಲ್ಲಿ ನಾಲ್ಕು 'ಹೂಂ'. ಸೂಟ್‌ಕೇಸು, ಪ್ರಯಾಣದ ಬ್ಯಾಗು ರಿಪೇರಿ ಮಾಡುವುದು ಅವರ ಕಸುಬು. ಮನೆಯ ಮುಂಕೋಣೆಯೇ ಅಂಗಡಿ. ರಸ್ತೆ ಕಡೆಗೆ ಒಂದು ಷಟರ್, ಗೋಡೆ ತುಂಬ ಮೊಳೆ, ಮೊಳೆಗೆ ನೇತುಬಿದ್ದ ಚಕ್ರಗಳು, ಹಿಡಿಗಳು, ಬಣ್ಣ ಬಣ್ಣದ ಜಿಪ್ ಸುರುಳಿಗಳು. ಮಧ್ಯದಲ್ಲಿ ಒಂದು ತಗ್ಗು ಮೇಜು, ಅದರ ಮೇಲೆ ಬಾಯಿ ಬಿಟ್ಟುಕೊಂಡ ಯಾರದೋ ಪೆಟ್ಟಿಗೆ.

ಅವರ ಲೈವ್ ವಿಡಿಯೊ ಶುರುವಾದದ್ದು ಒಬ್ಬ ಗಿರಾಕಿಯ ಅನುಮಾನದಿಂದ. ಬೇರೆ ಊರಿನಿಂದ ತನ್ನ ತಂದೆಯ ಹಳೆ ಚರ್ಮದ ಪೆಟ್ಟಿಗೆ ಕಳಿಸಿದ್ದ ಆತ, ಬಿಚ್ಚುವಾಗ ನನಗೆ ಕಾಣಬೇಕು ಎಂದು ಹಟ ಹಿಡಿದ. ಅಕ್ಕ ಫೋನು ಹಿಡಿದು ನಿಂತಳು. ಭಾವ ಬಾಯಿ ಬಿಡುವವರಲ್ಲ, ಸುಮ್ಮನಿದ್ದರೆ ಗಿರಾಕಿ ಏನೆಂದುಕೊಂಡಾನು ಎಂದು ಇವಳೇ ಮಾತಾಡಿದಳು. ಆತ ಮರುದಿನ ತನ್ನ ಬಳಗವನ್ನೆಲ್ಲ ಲೈವಿಗೆ ಕರೆತಂದ. ಎರಡು ವರ್ಷಕ್ಕೆ ದಿನಾ ಸಂಜೆ ಐದಕ್ಕೆ ಸಾವಿರಕ್ಕೂ ಮಿಕ್ಕಿ ಜನ ಬಂದು ಕೂರುವಂತಾಯಿತು. ಪರದೆಯ ಮೇಲೆ ಕಾಣುತ್ತಿದ್ದದ್ದು ಭಾವನ ಎರಡು ಕೈ, ಕೇಳುತ್ತಿದ್ದದ್ದು ಅಕ್ಕನ ದನಿ. ನೋಡುವವರು ಭಾವನಿಗೆ ಮೌನಿ ಮೇಷ್ಟ್ರು ಎಂದು ಹೆಸರಿಟ್ಟರು. ಅಕ್ಕನಿಗೆ ಯಾರೂ ಹೆಸರಿಡಲಿಲ್ಲ, ಅಕ್ಕ ಎಂದೇ ಕರೆದರು.

ನನ್ನದು ಜೆರಾಕ್ಸ್ ಅಂಗಡಿಯ ಮೇಲಿನ ಒಂದು ಕೋಣೆಯ ಆಫೀಸು. ಟ್ಯಾಕ್ಸಿಯವರು, ಕ್ಷೌರದವರು, ಮನೆಪಾಠದವರು, ಇಂಥವರ ಆದಾಯ ತೆರಿಗೆಯ ಕಾಗದ ತುಂಬುವುದು ನನ್ನ ಹೊಟ್ಟೆಪಾಡು. ಈಗೀಗ ಲೈವ್ ಮಾಡುವವರೂ ಬರುತ್ತಾರೆ. ಬಂದ ಕೂಡಲೇ ಎಲ್ಲರೂ ಆಡುವ ಮಾತು ಒಂದೇ: ಇದೇನು ಕೆಲಸ ಅಲ್ಲ ಸರ್, ಸುಮ್ಮನೆ ಖುಷಿಗೆ. ತೆರಿಗೆಯವರ ಫಾರ್ಮಿನಲ್ಲಿ ಖುಷಿಗೆ ಬೇರೆ ಕಾಲಂ ಇಲ್ಲ ಎಂದು ನಾನು ಅವರನ್ನು ಕೂರಿಸಿ ತಿಳಿಹೇಳುತ್ತೇನೆ. ನೋಡಿದವರು ಪ್ರೀತಿಯಿಂದ ಕಳಿಸಿದ ದುಡ್ಡಾದರೂ, ನೀವು ಅಲ್ಲಿ ಕೂತು ಏನೋ ಮಾಡಿದಿರಿ ಎಂದು ಬಂದದ್ದು, ಅದು ಗಳಿಕೆಯೇ. ಚಿಲ್ಲರೆಯೆಂದು ಬಿಡುವ ಹಾಗಿಲ್ಲ. ವಿಡಿಯೊ ಕಂಪನಿ ತನ್ನ ಪಾಲು ಮುರಿದುಕೊಂಡು ಉಳಿದದ್ದು ಕೊಡುತ್ತದೆ, ವರ್ಷದ ಕೊನೆಗೆ ಎಷ್ಟು ಮುರಿದೆ ಎಂಬ ಚೀಟಿ ಕೊಡುತ್ತದೆ, ಆ ಚೀಟಿಯನ್ನು ಎಸೆಯಬೇಡಿ. ದೀಪ, ಫೋನು ನಿಲ್ಲಿಸುವ ಸ್ಟ್ಯಾಂಡು, ಇಂಟರ್ನೆಟ್ಟಿನಲ್ಲಿ ಕೆಲಸಕ್ಕೆ ಬಳಸಿದಷ್ಟು ಪಾಲು, ಇವನ್ನು ಖರ್ಚೆಂದು ಕಳೆಯಬಹುದು, ಆದರೆ ರಸೀದಿ ಬೇಕು. ಇಬ್ಬರು ಸೇರಿ ಮಾಡಿದ್ದಾದರೆ ಗಳಿಕೆಯನ್ನು ಇಬ್ಬರ ಪಾಲಾಗಿ ತೋರಿಸಬೇಕು. ಹೀಗೆ ಊರಿಗೆಲ್ಲ ಪಾಠ ಹೇಳುತ್ತಿದ್ದವನು ನಾನು.

ಅಕ್ಕ ನನ್ನ ಗಿರಾಕಿಗಳಲ್ಲೇ ಅಚ್ಚುಕಟ್ಟಿನವಳು. ವರ್ಷಕ್ಕೊಮ್ಮೆ ಬಟ್ಟೆ ಚೀಲದಲ್ಲಿ ರಸೀದಿಗಳನ್ನು ತಿಂಗಳುವಾರು ಪಿನ್ ಮಾಡಿ ತರುತ್ತಿದ್ದಳು. ಭಾವ ಲೈವ್ ನಡುವೆ ಕುಡಿಯುವ ಚಹಾ ಖರ್ಚಿಗೆ ಬರುತ್ತದಾ ಎಂದು ಕೇಳುತ್ತಿದ್ದಳು. ಬರಲ್ಲ ಎಂದರೆ, ಹಾಗಾದರೆ ಸಕ್ಕರೆ ಕಮ್ಮಿ ಮಾಡ್ತೀನಿ ಅನ್ನುತ್ತಿದ್ದಳು. ಚಾನೆಲ್ಲು ಹೇಗೆ ಬರುತ್ತಿದೆ ಎಂದು ಕೇಳಿದಾಗೆಲ್ಲ ನಾನು ಚೆನ್ನಾಗಿ ಬರುತ್ತಿದೆ ಎನ್ನುತ್ತಿದ್ದೆ.

ಮೊದಲ ವರ್ಷ ಅವರ ಫಾರ್ಮು ತುಂಬಿದ್ದು ಕೊನೆಯ ದಿನದ ಗದ್ದಲದಲ್ಲಿ. ಮೆಟ್ಟಿಲ ಮೇಲೆ ಜನ ಸಾಲುಗಟ್ಟಿದ್ದರು. ಅಂಗಡಿಗೆಂದು ಭಾವನ ಹೆಸರಲ್ಲಿ ತೆರಿಗೆ ನಂಬರ್ ಇತ್ತು, ಚಾನೆಲ್ಲೂ ಅದೇ ನಂಬರಿನಲ್ಲಿ ತೆರೆದದ್ದು. ಅಕ್ಕನದೂ ತೋರಿಸಬೇಕೆಂದರೆ ಅವಳಿಗೆ ಹೊಸ ನಂಬರ್, ಇಬ್ಬರ ನಡುವೆ ಒಂದು ಒಪ್ಪಂದ, ಒಂದರ ಬದಲು ಎರಡು ಫಾರ್ಮು. ಮನೆಯವರ ಕೆಲಸ, ದುಡ್ಡೂ ಕೊಡುವುದಿಲ್ಲ, ಯಾರಿಗೆ ಬೇಕು ಈ ರಗಳೆ ಎನ್ನಿಸಿತು. 'ಈ ಕೆಲಸದಲ್ಲಿ ಇತರರು ಇದ್ದರೆ ಅವರ ಹೆಸರು ಮತ್ತು ಪಾಲು' ಎಂಬ ಕಾಲಂನಲ್ಲಿ 'ಯಾರೂ ಇಲ್ಲ' ಎಂದು ಬರೆದು ಕೈ ತೊಳೆದುಕೊಂಡೆ. ಮುಂದಿನ ವರ್ಷಗಳಲ್ಲಿ ಬರೆಯುವ ಶ್ರಮವೂ ಇರಲಿಲ್ಲ. ಹಳೆಯದನ್ನೇ ನಕಲು ಮಾಡಿ ಅಂಕಿ ಮಾತ್ರ ಬದಲಾಯಿಸುತ್ತಿದ್ದೆ.

ಮೂರನೆಯ ವರ್ಷ ಅಕ್ಕ ಭಾವನ ಸಹಿ ಹಾಕಿಸಲು ಒಯ್ಯುವ ಮೊದಲು ಫಾರ್ಮನ್ನು ಪೂರ್ತಿ ಓದಿದಳು. ಅವಳು ಔಷಧಿ ಡಬ್ಬದ ಚೀಟಿಯನ್ನೂ ಓದುವವಳು. ಆ ಕಾಲಂ ಮೇಲೆ ಬೆರಳಿಟ್ಟು, "ಇದರಲ್ಲಿ ನಾನೆಲ್ಲಿದೀನಿ?" ಎಂದು ಕೇಳಿದಳು.

ಹೆಸರು ಬಂದರೆ ನೋಟೀಸೂ ಬರುತ್ತದೆ, ಆರಾಮಾಗಿರೋದು ಬಿಟ್ಟು ತೆರಿಗೆಯವರ ಕಣ್ಣಿಗೆ ಯಾಕೆ ಬೀಳ್ತೀಯ ಎಂದು ನಾನು ತಮಾಷೆ ಮಾಡಿದೆ. ಅವಳು ನಕ್ಕಳು. ಆದರೆ ಎಂದಿನಂತೆ ತಿರುಗಿ ಒಂದು ಮಾತು ಹಾಕಲಿಲ್ಲ. ನನಗೆ ಅದು ಆಗಲೇ ಹೊಳೆಯಬೇಕಿತ್ತು. ಜೋಕಿಗೆ ಜೋಕು ಹಾಕದೆ ಅಕ್ಕ ಎದ್ದು ಹೋದ ದಿನಗಳು ನನಗೆ ನೆನಪಿರುವಂತೆ ಎರಡೋ ಮೂರೋ.

ಐದನೆಯ ವರ್ಷ ಒಂದು ಬೆಳಿಗ್ಗೆ ಭಾವ ಷಟರ್ ಎತ್ತಲು ಬಗ್ಗಿದವರು ಅಲ್ಲೇ ಕುಸಿದರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅಳುವ ಕೆಲಸವೆಲ್ಲ ಮುಗಿದ ಮೇಲೆ, ಅಕ್ಕ ತನ್ನ ಎಂದಿನ ಶಿಸ್ತಿನಂತೆ, ಸಂಬಂಧಪಟ್ಟವರಿಗೆಲ್ಲ ಸುದ್ದಿ ತಿಳಿಸಿದಳು. ಬ್ಯಾಂಕಿಗೆ, ವಿದ್ಯುತ್ ಕಚೇರಿಗೆ, ಹಾಗೇ ಆ ವಿಡಿಯೊ ಕಂಪನಿಗೂ. ಕಂಪನಿಯವರು ಅದೇ ದಿನ ಚಾನೆಲ್ಲಿಗೆ ಬೀಗ ಹಾಕಿದರು.

ಅವರ ಪತ್ರ ಹಿಡಿದುಕೊಂಡು ಅಕ್ಕ ನನ್ನ ಮೆಟ್ಟಿಲು ಹತ್ತಿ ಬಂದಳು. ಬಾಕಿ ಹಣ ವಾರಸುದಾರರಿಗೆ ಬರುತ್ತದೆ ಎಂದು ಅದರಲ್ಲಿತ್ತು. ಚಾನೆಲ್ಲು ಮತ್ತು ಅದರೊಳಗಿನ ವಿಡಿಯೊಗಳು ಮಾತ್ರ, ಆ ಕೆಲಸದಲ್ಲಿ ಪಾಲುದಾರರಾಗಿದ್ದವರಿಗೆ. ಪಾಲುದಾರಿಕೆಗೆ ತೆರಿಗೆ ಕಾಗದದ ಆಧಾರ ಬೇಕು. ಅರವತ್ತು ದಿನದಲ್ಲಿ ಆಧಾರ ಬಾರದಿದ್ದರೆ ಎಲ್ಲವನ್ನೂ ಅಳಿಸಲಾಗುವುದು. ಅಕ್ಕನಿಗೆ ಹಣದ ಚಿಂತೆ ಇರಲಿಲ್ಲ, ಅಂಗಡಿಯನ್ನು ಬಾಡಿಗೆಗೆ ಕೊಟ್ಟರೆ ಅವಳ ಖರ್ಚು ಕಳೆಯುತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಆ ಸಂಜೆಗಳು. ಸಾವಿರದ ಮುನ್ನೂರು ಚಿಲ್ಲರೆ ಸಂಜೆ, ಭಾವನ ಕೈಗಳು, ಪಕ್ಕದಲ್ಲಿ ತನ್ನ ದನಿ. ಅವಳ ಫೋನಿನಲ್ಲಿ ಜಾಗ ಸಾಲದೆ ಒಂದನ್ನೂ ಇಟ್ಟುಕೊಂಡಿರಲಿಲ್ಲ. ಇಡೀ ಸಂಸಾರದಲ್ಲಿ ಅವರು ಜಾಸ್ತಿ ಮಾತಾಡಿದ್ದೇ ಅಲ್ಲಿ ಕಣೋ ಎಂದಳು. ಯಾರೋ ಕೇಳಿದ ಪ್ರಶ್ನೆಗೆ ಭಾವ ಒಮ್ಮೆ ಪೂರ್ತಿ ನಾಲ್ಕು ವಾಕ್ಯ ಹೇಳಿದ್ದರಂತೆ, ಅದನ್ನೊಮ್ಮೆ ಮತ್ತೆ ಕೇಳಬೇಕಂತೆ.

ನಾನು ಪತ್ರವನ್ನು ಎರಡು ಸಲ ಓದಿದೆ. ಎದ್ದು ಅವರ ಫೈಲು ತೆಗೆದೆ. ಅವಳಿಗೆ ಬೇಕಾದ ಆಧಾರ ನನ್ನ ಬೀರುವಿನಲ್ಲೇ ಇತ್ತು, ಅದರಲ್ಲಿ ನನ್ನ ಕೈಬರಹದಲ್ಲಿ 'ಯಾರೂ ಇಲ್ಲ' ಎಂದಿತ್ತು. ಅಕ್ಕ ಬೈಯಲಿಲ್ಲ. ತಿದ್ದೋಕಾಗತ್ತಾ ಎಂದು ಮಾತ್ರ ಕೇಳಿದಳು.

ಹಿಂದಿನ ಎರಡು ವರ್ಷದ್ದನ್ನು ತಿದ್ದಿ ಸಲ್ಲಿಸಲು ಅವಕಾಶವಿತ್ತು. ಒಂದು ವಾರ ಬೇರೆ ಯಾವ ಗಿರಾಕಿಯನ್ನೂ ಒಳಗೆ ಬಿಡದೆ ಕೂತು ಇಬ್ಬರ ಪಾಲನ್ನೂ ಬೇರೆ ಬೇರೆ ಮಾಡಿದೆ. ಮಾಡುತ್ತಾ ಹೋದಂತೆ ಇನ್ನೊಂದು ಕಂಡಿತು. ಸರಿಯಾಗಿ ಎರಡು ಪಾಲು ಮಾಡಿದ್ದರೆ ಇಬ್ಬರೂ ಮಿತಿಯ ಒಳಗೇ ಬರುತ್ತಿದ್ದರು, ತೆರಿಗೆಯೇ ಬೀಳುತ್ತಿರಲಿಲ್ಲ. ನನ್ನ ಸೋಮಾರಿತನಕ್ಕೆ ಅವರು ಇಷ್ಟು ವರ್ಷ ದಂಡ ಕಟ್ಟಿದಂತಾಗಿತ್ತು. ನನ್ನಂಥ ಜಾಣ ತಮ್ಮ ಇರುವಾಗ ಬೇರೆ ಶತ್ರು ಯಾಕೆ ಬೇಕು ಎಂದುಕೊಂಡೆ.

ತೆರಿಗೆ ಕಚೇರಿ ತಿದ್ದುಪಡಿಯನ್ನು ಒಪ್ಪಿತು. ಕಂಪನಿ ಒಪ್ಪಲಿಲ್ಲ. ಖಾತೆದಾರರು ತೀರಿಕೊಂಡ ಮೇಲೆ ತಿದ್ದಿದ ಕಾಗದ ಮಾತ್ರ ಸಾಲದು. ಇಷ್ಟು ವರ್ಷ ಕಾಗದ ತುಂಬಿದವರು, ಅರ್ಜಿದಾರರು ಕೆಲಸ ಮಾಡಿದ್ದನ್ನು ಸ್ವತಃ ಕಂಡಿದ್ದರೆ, ಕನಿಷ್ಠ ಒಂದು ದಿನ ಕಂಡದ್ದನ್ನು ವಿವರವಾಗಿ ಬರೆದು ಸಹಿ ಮಾಡಿ ಕಳಿಸಬೇಕು ಎಂದರು. ಅರವತ್ತರಲ್ಲಿ ಹನ್ನೊಂದು ದಿನ ಉಳಿದಿದ್ದವು.

ಮಧ್ಯಾಹ್ನ ಅಕ್ಕ ಬಂದಳು. ಎಷ್ಟೋ ದಿನಗಳ ಮೇಲೆ ಮುಖ ಸ್ವಲ್ಪ ಗೆಲುವಾಗಿತ್ತು. ಇಷ್ಟೇ ತಾನೆ, ಇದೇನು ಮಹಾ ಎಂದು ನನ್ನೆದುರಿನ ಕುರ್ಚಿ ಎಳೆದುಕೊಂಡು ಕೂತು, ಹಾಳೆಯನ್ನು ನನ್ನ ಕಡೆ ಸರಿಸಿದಳು.

"ನೀನೇ ಬರಿ. ನಾನು ಹೇಳ್ಕೊಡಲ್ಲ. ಯಾವ ದಿನದ್ದು ನಿನಗೆ ನೆನಪಿದೆಯೋ ಅದನ್ನೇ ಬರಿ. ಬರೆದು ಓದು, ನಂಗೂ ಕೇಳ್ಬೇಕು ಅನ್ನಿಸ್ತಿದೆ."

ನಾನು ಪೆನ್ನಿನ ಮುಚ್ಚಳ ತೆಗೆದೆ. ದಿನಾಂಕ ಬರೆಯಬೇಕಾದ ಜಾಗದಲ್ಲಿ ಕೈ ನಿಂತಿತು. ಕೆಳಗಿನ ಜೆರಾಕ್ಸ್ ಯಂತ್ರ ಹಾಳೆಯ ಮೇಲೆ ಹಾಳೆ ಉಗುಳುವ ಸದ್ದು ಕೇಳುತ್ತಿತ್ತು. ಸಂಜೆ ಐದಕ್ಕೆ ಆಫೀಸಿನಲ್ಲಿ ಜನ ಇರುತ್ತಾರೆ, ರಜೆಯ ದಿನ ನಿದ್ದೆ, ಅಕ್ಕನ ಮಾತು ಹುಟ್ಟಿದಾಗಿಂದ ಕೇಳಿದ್ದೇ ಅಲ್ಲವೆ, ನಾಳೆ ನೋಡಿದರಾಯಿತು. ಇವೇ ನನ್ನ ಕಾರಣಗಳು. ಮನೆಯಿಂದ ಮನೆಗೆ ಹತ್ತು ರಸ್ತೆ, ಫೋನಿನಲ್ಲಾದರೆ ಅದೂ ಇಲ್ಲ.

"ಅಕ್ಕಾ, ನಾನು ಒಂದು ದಿನವೂ ನೋಡಿಲ್ಲ" ಎಂದೆ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಮೌನಿ ಮೇಷ್ಟ್ರ ಜೊತೆ ತಾನು ಜಗಳ ತೆಗೆದ ದಿನ ನೆನಪಿಲ್ಲವಾ, ಎಲ್ಲರೂ ನೋಡಿದ್ದರು ಎಂದಳು. ನಾನು ತಲೆ ಅಲ್ಲಾಡಿಸಿದೆ. ಆಮೇಲೆ ಅವಳು ನನ್ನ ಮುಖವನ್ನೇ ನೋಡುತ್ತಾ ಕೂತಳು. ಚಿಕ್ಕಂದಿನಲ್ಲಿ ನಾನು ಮಾರ್ಕ್ಸ್ ಕಾರ್ಡಿಗೆ ಕಳ್ಳ ಸಹಿ ಹಾಕಿದಾಗಲೂ ಹಾಗೆ ನೋಡಿರಲಿಲ್ಲ.

"ಹಾಗಾದ್ರೆ ನೀನು ಫಾರ್ಮಲ್ಲಿ ಬರೆದದ್ದು ಸುಳ್ಳಲ್ಲ ಬಿಡು," ಎಂದಳು ಕೊನೆಗೆ. "ನಿನಗೆ ಗೊತ್ತಿದ್ದಷ್ಟು ಬರೆದಿದೀಯ."

ಹೊಡೆದಿದ್ದರೆ ವಾಸಿಯಿತ್ತು. ನಾನು ಗಡಿಬಿಡಿಯಲ್ಲಿ, ನೀನು ಹೇಳುತ್ತಾ ಹೋಗು, ನಾನು ನೋಡಿದಂತೆಯೇ ಬರೆಯುತ್ತೇನೆ, ಯಾರು ಬಂದು ಕೇಳುತ್ತಾರೆ ಎಂದೆಲ್ಲ ಗೋಗರೆದೆ. ಅಕ್ಕ ಬೇಡವೆಂದಳು. ತನ್ನ ವಿಷಯದಲ್ಲಿ ಇನ್ನೊಂದು ನೋಡದೆ ಬರೆದ ಕಾಗದ ಬೇಡ, ಇರುವುದನ್ನೇ ಬರೆ ಎಂದಳು. ಅವಳ ದನಿ ಎತ್ತರಕ್ಕೆ ಹೋಗಲಿಲ್ಲ.

ಬರೆದೆ. ಐದು ವರ್ಷ ಈ ಕಾಗದಗಳನ್ನು ತುಂಬಿದವನು ನಾನು, ಈ ಕೆಲಸವನ್ನು ಒಮ್ಮೆಯೂ ನೋಡಲಿಲ್ಲ, ಕೇಳಲೂ ಇಲ್ಲ, ನನ್ನ ಅನುಕೂಲಕ್ಕೆ ಅಕ್ಕನ ಹೆಸರು ಬಿಟ್ಟೆ, ತಪ್ಪು ನನ್ನದು, ಅದಕ್ಕೆ ಅವಳಿಗೆ ಶಿಕ್ಷೆ ಕೊಡಬೇಡಿ. ಸಹಿ ಮಾಡಿದೆ. ಅಕ್ಕ ಕನ್ನಡಕ ಹಾಕಿಕೊಂಡು ಓದಿ, ಕಳ್ಸು ಎಂದು ಎದ್ದಳು. ಮೆಟ್ಟಿಲು ಇಳಿಯುವಾಗ ಹುಷಾರು ಎಂದೆ.

ಅಲ್ಲಿಂದ ಹನ್ನೊಂದು ದಿನ ನಾನು ಊಟದ ನಡುವೆಯೂ ಫೋನು ತೆಗೆದು ನೋಡುತ್ತಿದ್ದೆ. ಕಂಪನಿಯಲ್ಲೂ ಮನುಷ್ಯರು ಇರುತ್ತಾರೆ, ಓದಿದರೆ ಕರುಣೆ ಹುಟ್ಟಬಹುದು ಎಂಬ ಆಸೆ. ಹನ್ನೊಂದನೆಯ ದಿನ ನಾಲ್ಕು ಸಾಲಿನ ಉತ್ತರ ಬಂತು. ಅರ್ಜಿದಾರರ ಕೆಲಸದ ಬಗ್ಗೆ ತಮಗೆ ನೇರ ಅರಿವಿಲ್ಲವೆಂದು ಕಾಗದ ತುಂಬಿದವರೇ ಒಪ್ಪಿಕೊಂಡಿರುವುದರಿಂದ ಕೋರಿಕೆಯನ್ನು ತಿರಸ್ಕರಿಸಲಾಗಿದೆ, ಚಾನೆಲ್ಲನ್ನು ಅದರ ಎಲ್ಲ ವಿಡಿಯೊಗಳೊಂದಿಗೆ ಅಳಿಸಲಾಗಿದೆ. ಅಕ್ಕನ ಬಗ್ಗೆ ಅಷ್ಟು ವರ್ಷಗಳಲ್ಲಿ ನಾನು ಬರೆದ ಒಂದೇ ಒಂದು ಪ್ರಾಮಾಣಿಕ ಕಾಗದ, ಅದೇ ಅವಳ ಕೊನೆಯ ಬಾಗಿಲನ್ನೂ ಮುಚ್ಚಿತ್ತು.

ಫೋನು ಮಾಡಿ ಓದಿ ಹೇಳಿದೆ.

"ಅಳಿಸೋಕೆ ಮುಂಚೆ ಅಲ್ಲಿ ಯಾರಾದ್ರೂ ಒಂದ್ಸಲ ನೋಡಿರ್ತಾರಾ?" ಎಂದು ಕೇಳಿದಳು.

ನೋಡಿರುತ್ತಾರೆ ಎಂದುಬಿಡಬಹುದಿತ್ತು, ಅದನ್ನು ಕೇಳಲೆಂದೇ ಅವಳು ಕಾಯುತ್ತಿದ್ದಳು. ಗೊತ್ತಿಲ್ಲ ಅಕ್ಕ ಎಂದೆ.