ಲೇಪೋ ನೋಡಲು ಹೋದವರು

ನನ್ನ ಗಂಡ ಭರಮಪ್ಪ ಸಮುದ್ರದಲ್ಲಿ ಹೋದರು. ಹೆಣ ಸಿಗಲಿಲ್ಲ. ಎರಡು ತಿಂಗಳಾದ ಮೇಲೆ ಮೈದುನ ಸೋಮಲಿಂಗ ಬೆಳಗಾವಿಯ ನಮ್ಮ ಮನೆಗೆ ಬಂದ.

"ವೈನಿ, ಹಿಟ್ಟಿನ ಗೊಂಬಿ ಮಾಡಿ ಮಣ್ಣ ಕೊಟ್ಟ ಬಿಡೂಣು. ಅಣ್ಣಗ ದಾರಿ ಆಗಬೇಕಲ್ಲ."

ಒಲ್ಲೆ ಎಂದೆ. ಮಣ್ಣು ಕೊಟ್ಟರೆ ಸತ್ತರೆಂದು ನಾನೇ ಒಪ್ಪಿದ ಹಾಗೆ.

ನಮ್ಮದು ಜಾಂಬೋಟಿ ಕಡೆಯ ಎಮ್ಮೆ ಕಟ್ಟಿದ ಮನೆತನ. ಮೀನು ತಿಳಿದವರಲ್ಲ. ಇವರು ಮಾತ್ರ ಹದಿನಾರು ವರ್ಷ ಗೋವಾದಿಂದ ಟೆಂಪೋದಲ್ಲಿ ಬೆಳಗಾವಿ ಮಾರ್ಕೆಟ್ಟಿಗೆ ಮೀನು ತಂದರು. ಅವರ ಅಕ್ಕ ಸಿದ್ದಕ್ಕ ಮೂಗು ಮುಚ್ಚಿಕೊಂಡೇ ಮಾತಾಡಿಸುತ್ತಿದ್ದಳು.

"ಎಮ್ಮಿ ಬಿಟ್ಟು ಮೀನದ ಬಾಲ ಹಿಡದಿ. ಈಸಾಕರ ಬರತೈತೇನೋ?"

ಬರುತ್ತಿರಲಿಲ್ಲ.

ಅವರಿಗೆ ಲೇಪೋ ಹುಚ್ಚು. ಅಂಗಾಲಿನ ಹಾಗೆ ಚಪ್ಪಟೆ ಮೀನು, ಎರಡೂ ಕಣ್ಣು ಒಂದೇ ಮಗ್ಗುಲಿಗೆ. ಗೋವಾದವರು ಹೇಳಿದ್ದನ್ನು ಬಂದು ನನಗೆ ಹೇಳುತ್ತಿದ್ದರು.

"ಮರಿ ಇದ್ದಾಗ ಎಲ್ಲಾ ಮೀನದಂಗ ಆ ಕಡೆ ಒಂದು, ಈ ಕಡೆ ಒಂದು ಕಣ್ಣು. ನೆಟ್ಟಗ ಈಸತೈತಿ. ಆಮ್ಯಾಲೆ ಒಂದು ಕಣ್ಣು ತಲಿ ದಾಟಿ ಈ ಬಾಜೂಕ ಬರತೈತಿ. ಅವತ್ತಿಂದ ತಳದಾಗ ಮಕ್ಕೊಂಡಬಿಡತೈತಿ. ಮೈಮ್ಯಾಲೆ ಉಸುಕು, ಕಣ್ಣಷ್ಟ ಹೊರಗ."

"ಎದಕ್ಕ?"

"ತಾ ಯಾರಿಗೂ ಕಾಣಬಾರದು, ಎಲ್ಲಾರ್ನೂ ನೋಡಬೇಕು. ನಿನ್ನಂಗ."

ಐಸಿನಲ್ಲಿಟ್ಟ ಸತ್ತ ಲೇಪೋ ಮಾತ್ರ ಕಂಡಿದ್ದರು. ಜೀವಂತ ನೋಡುವ ಆಸೆ. ನೀರು ಇಳಿದಾಗ ಉಸುಕಿನಲ್ಲಿ ಕಾಲು ಎಳೆಯುತ್ತ ನಡೆದರೆ ಅಂಗಾಲ ಕೆಳಗೆ ಅದು ಮಿಸುಕುತ್ತದೆ ಎಂದು ಯಾರೋ ಹೇಳಿದ್ದರಂತೆ. ಟೆಂಪೋಗೆ ಮೀನು ತುಂಬುವುದು ತಡವಾದ ಒಂದು ದಿನ ಪ್ಯಾಂಟು ಮಡಚಿ ಸಮುದ್ರಕ್ಕೆ ಇಳಿದರು. ತಲೆ ಬಗ್ಗಿಸಿಕೊಂಡೇ ಹೋದರು ಎಂದು ದಂಡೆಯಲ್ಲಿದ್ದವರು ಹೇಳಿದರು. ನೀರು ಏರಿದ್ದು ನೋಡಲಿಲ್ಲ. ದಂಡೆಯಿಂದ ಕೂಗಿದ್ದೂ ಇವರಿಗೆ ಕೇಳಲಿಲ್ಲ.

ಅಂದಿನಿಂದ ನೆಲ ನನ್ನನ್ನು ನೋಡುತ್ತಿತ್ತು. ಕಸ ಹೊಡೆಯುವಾಗ, ಬಚ್ಚಲ ಕಲ್ಲಿನ ಮೇಲೆ ನಿಂತಾಗ. ಕಾಲು ಊರಲು ಹೆದರಿ ಎಳೆದುಕೊಂಡು ನಡೆಯುತ್ತಿದ್ದೆ. ತಡೆಯಲಾಗಲಿಲ್ಲ. ಸೋಮಲಿಂಗನಿಗೆ ನಾನೇ ಫೋನ್ ಮಾಡಿ, ಮಣ್ಣು ಕೊಡೋಣ ಎಂದೆ.

ಜಾಂಬೋಟಿಯ ಹೊಲದಲ್ಲಿ ಕುಣಿ ತೋಡಿದರು. ಗೊಂಬೆಯನ್ನು ಹೆಂಡತಿಯೇ ಮಾಡಬೇಕಂತೆ. ಅಕ್ಕಿಹಿಟ್ಟು ನಾದಿ ಮಾಡಿದೆ. ಕಣ್ಣಿಗೆಂದು ಎರಡು ಕವಡೆ ಕೊಟ್ಟರು. ಒತ್ತಿದೆ.

"ಇದೇನ ವೈನಿ, ಎರಡೂ ಕಣ್ಣು ಒಂದ ಬಾಜೂಕ ಇಟ್ಟೀರಲ್ಲ?" ಎಂದ ಸೋಮಲಿಂಗ.

ನೋಡಿದೆ. ಹೌದು. ಸಿದ್ದಕ್ಕ ಸರಿಮಾಡಲು ಬಂದಳು. ಅವಳ ಕೈ ಹಿಡಿದೆ.

"ಇರಲಿ ಬಿಡ್ರಿ ಅಕ್ಕಾ. ಈಗ ಹಂಗ ಅದಾರ."

ಅವಳು ತಮ್ಮನನ್ನು ಎತ್ತಿ ಕುಣಿಯಲ್ಲಿ ಒಂದು ಮಗ್ಗುಲಾಗಿ ಮಲಗಿಸಿದಳು.

ಮೊದಲ ಮಣ್ಣು ನನ್ನದು. ಕಾಲಿಗೆ ಹಾಕಿದೆ, ಹೊಟ್ಟೆಗೆ ಹಾಕಿದೆ. ಮುಖದ ಹತ್ತಿರ ಕೈ ನಿಂತಿತು.

"ಪೂರ್ತಿ ಮುಚ್ಚ್ರಿ ವೈನಿ. ಇಲ್ಲಂದ್ರ ಅಂವ ಹೋಗಂಗಿಲ್ಲ."

ಹೋಗುವುದು ಬೇಡ ಎಂದು ಬಾಯಿಗೆ ಬಂತು. ನುಂಗಿಕೊಂಡೆ. ಕಣ್ಣಿನ ಮೇಲೆ ಒಂದು ಹಿಡಿ ಹಾಕಿ ಅಂಗೈಯಿಂದ ಅದುಮಿದೆ. ಸಿದ್ದಕ್ಕ ಎಬ್ಬಿಸುವ ತನಕ ಕೈ ತೆಗೆಯಲಿಲ್ಲ.