ವಲ್ಲಿಯ ಕೆಳಗಿನ ಕೈ

ಒಂದು ವರ್ಷದ ಗುಳಿಗೆ, ಮಿರಜಿಗೆ ಎಂಟು ಸಲ ಎಸ್‌.ಟಿ. ಬಸ್ಸು, ಅದಕ್ಕಾಗಿ ಮಾರಿದ ಎರಡು ಟಗರು. ಕಳೆದುಹೋದ ನಿದ್ದೆಯನ್ನು ಮರಳಿ ತರಲು ನನಗೆ ಬಿದ್ದ ಖರ್ಚು ಇಷ್ಟು. ಇಪ್ಪತ್ತು ವರ್ಷ ಕುರಿ ವ್ಯಾಪಾರ ಮಾಡಿದವನು ಹೇಳುತ್ತೇನೆ, ಇಷ್ಟು ಅಗ್ಗದ ಸವದಾ ನಾನು ಮತ್ತೆ ಮಾಡಿಲ್ಲ. ಅದನ್ನು ಕುದುರಿಸಿಕೊಟ್ಟವರು ಜತ್ತದ ಸಂತೆಯ ನಮ್ಮ ದಲಾಲ ಕಾಕಾ.

ಅವರ ಬಲಗೈಯ ತೋರುಬೆರಳಿಗೆ ಉಗುರಿರಲಿಲ್ಲ. ಎಂದೋ ಒಂದು ಟಗರು ಗುದ್ದಿ ಗೂಟಕ್ಕೆ ಜಜ್ಜಿತ್ತು. ನಮ್ಮಲ್ಲಿ ಹಳೆಯ ದಲಾಲರು ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಕೈಗಳ ಮೇಲೆ ಹೊದಿಸಿ, ಒಳಗೆ ಲೆಕ್ಕಕ್ಕೆ ತಕ್ಕಷ್ಟು ಬೆರಳು ಹಿಡಿದು ಕೇಳುತ್ತಾರೆ. ಒಪ್ಪಿಗೆಯಾದರೆ ಬೆರಳು ಒತ್ತಬೇಕು, ಬೇಡವಾದರೆ ಕೈ ಕೊಸರಿಕೊಳ್ಳಬೇಕು. ನನ್ನಷ್ಟು ಕೊಸರುವವನು ಸಂತೆಯಲ್ಲಿ ಇರಲಿಲ್ಲ. "ಇದು ಕೈ ಅಲ್ಲೋ, ಹಾವಮೀನ" ಎಂದು ಕಾಕಾ ಬೈಯುತ್ತಿದ್ದರು.

ನಿದ್ದೆ ಹೋದ ಆ ವರ್ಷ ನಮ್ಮೂರು ತಿಕೋಂಡಿಯಿಂದ ಸಂತೆಗೆ ನನ್ನ ಮೂವತ್ತೂ ಕುರಿ ಹೊಡೆದುಕೊಂಡು ಹೋದೆ. ಎಲ್ಲ ಮಾರಿ ಹಣ ಹೆಂಡತಿಯ ಕೈಗಿಟ್ಟರೆ ಮುಂದೆ ನಾನಿಲ್ಲದಿದ್ದರೂ ನಡೆಯುತ್ತದೆ ಎಂಬುದು ಒಳಗಿನ ಲೆಕ್ಕ. ಸಾಲವಿರಲಿಲ್ಲ, ಜಗಳವಿರಲಿಲ್ಲ. ಊಟ ರುಚಿಸದು, ನಿದ್ದೆ ಹತ್ತದು, ಕುರಿ ಈದರೂ ಎದ್ದು ನೋಡುವ ಮನಸ್ಸಾಗದು. ಊರಲ್ಲಿ ಕೆಲವರು ಮಾಟ ಅಂದರು, ಕೆಲವರು ಸೊಕ್ಕು ಅಂದರು.

ಒಬ್ಬ ಗಿರಾಕಿಯ ಪರವಾಗಿ ಕಾಕಾ ವಲ್ಲಿ ಹೊದಿಸಿ ಮೊದಲ ಬೆಲೆ ಕೇಳಿದರು. ಅರ್ಧ ಬೆಲೆಯೂ ಅಲ್ಲ ಅದು. ನಾನು ಕೊಸರಲಿಲ್ಲ. ಪರೀಕ್ಷೆಗೆಂದು ಇನ್ನೂ ಇಳಿಸಿದರು. ಆಗಲೂ ನನ್ನ ಕೈ ಸುಮ್ಮನೆ ಬಿದ್ದಿತ್ತು. ಅವರು ಗಿರಾಕಿಯ ಕಡೆ ತಿರುಗಿ, ಇವತ್ತು ಈ ಕುರಿ ಮಾರಾಟಕ್ಕಿಲ್ಲ ಎಂದು ಅವನನ್ನು ಕಳಿಸಿಬಿಟ್ಟರು. ನನ್ನ ಕೈ ಮಾತ್ರ ಬಿಡಲಿಲ್ಲ.

"ನಿದ್ದಿ ಹೋಗಿ ಎಷ್ಟ ತಿಂಗಳಾತು? ಬಾಯಿಲೆ ಹೇಳಬ್ಯಾಡ."

ವಲ್ಲಿಯ ಕೆಳಗೆ ಅವರ ನಾಲ್ಕು ಬೆರಳು ಹಿಡಿದೆ.

"ಜೀವಾನ ಬ್ಯಾಡ ಅನಸ್ತೈತೇನು?"

ಹೆಂಡತಿಗೂ ಹೇಳಲಾಗದ್ದನ್ನು ಆ ಉಗುರಿಲ್ಲದ ಬೆರಳು ಒತ್ತಿ ಹೇಳಿದೆ. ಕಾಕಾ ಮೆಲ್ಲಗೆ, "ನನಗೂ ಆಗಿತ್ತು. ಏಳು ವರ್ಷ ಆತು, ಗುಳಿಗಿ ತಗೋತೀನಿ. ಸಂತಿಯಾಗ ಯಾರಿಗೆ ಗೊತ್ತೈತಿ?" ಎಂದರು.

ಕುರಿಗಳನ್ನು ತಮ್ಮ ದೊಡ್ಡಿಗೆ ಕೂಡಿಸಿದರು, ನನ್ನನ್ನು ಮನೆಯಲ್ಲಿ ಇಟ್ಟುಕೊಂಡರು, ನನ್ನ ಹೆಂಡತಿಯನ್ನು ಕರೆಸಿದರು. ಅವಳು ಮೊದಲು ದೇವರಿಗೆ ಹೋಗೋಣ ಎಂದು ಅತ್ತಳು.

"ಬ್ಯಾಡ ಅನ್ನಂಗಿಲ್ಲ ತಂಗಿ. ಕುರಿಗಿ ಜಡ್ಡಾದರ ದೇವರಿಗೂ ಬೇಡಕೋತೀವಿ, ಸೂಜೀನೂ ಮಾಡಸ್ತೀವಿ. ಮನಶ್ಯಾಗ ಯಾಕ ಬ್ಯಾರೆ?"

ಮರುದಿನ ಮೂವರೂ ಮಿರಜಿಗೆ ಹೋದೆವು. ಅಲ್ಲಿಯ ಮನಸ್ಸಿನ ಡಾಕ್ಟರು ಒಂದು ವರ್ಷ ಗುಳಿಗೆ ಎಂದರು. ನಾನು ಹೂಂ ಎಂದು ತಲೆಯಾಡಿಸಿ ಎದ್ದುಬಂದೆ. ಮೂರನೆಯ ತಿಂಗಳು ಮಿರಜಿಗೆ ಹೋದಾಗ ಮಾತ್ರ, ಒಂದು ವರ್ಷ ಭಾಳಾತು ಸಾಹೇಬರ, ಆರು ತಿಂಗಳಿಗೆ ಮುಗಿಸರಿ ಎಂದು ಕುಂತುಬಿಟ್ಟೆ. ಡಾಕ್ಟರು ಒಂದು ವಾರವೂ ಇಳಿಯಲಿಲ್ಲ. ಹೊರಗೆ ಬಂದು ನೋಡಿದರೆ ಕಾಕಾ ಗೋಡೆಗೆ ಆತು ನಗುತ್ತಿದ್ದಾರೆ, ಕಣ್ಣಲ್ಲಿ ನೀರು.

"ಜಗ್ಗ್ಯಾಡಾಕ ಹತ್ತಿದಿ. ಇನ್ನ ಉಳಕೊಂಡಿ ಮಗನ."

ದಲಾಲಿ ಕೊಡಲು ಹೋದರೆ, ಅವತ್ತು ಕುರಿ ಮಾರಿಲ್ಲ, ದಲಾಲಿ ಎಲ್ಲಿಯದು ಎಂದು ಗದರಿದರು.

ಹೋದ ವರ್ಷ ಕಾಕಾ ಎದೆನೋವಿನಿಂದ ತೀರಿಕೊಂಡರು. ಮಣ್ಣಿಗೆ ಹೋದವನು ಎಲ್ಲರ ಮುಂದೆ ಅವರ ಕೈ ಹಿಡಿದು ಆ ಬೋಳು ಬೆರಳನ್ನು ಒತ್ತಿದೆ. ವಲ್ಲಿ ಹೊದಿಸಲಿಲ್ಲ. ನನಗೆ ಏನಾಗಿತ್ತು ಎಂದು ಕೇಳಿದವರಿಗೆಲ್ಲ ಅಂದಿನಿಂದ ಬಾಯಿಂದಲೇ ಹೇಳುತ್ತೇನೆ.

ನಿಮಗೂ ಒಂದು ಮಾತು, ಪುಕ್ಕಟೆ. ಸದಾ ಜಗ್ಗಾಡುವವನು ಒಂದು ದಿನ ಮೊದಲ ಬೆಲೆಗೇ ಹೂಂ ಅಂದರೆ ಲಾಭವಾಯಿತೆಂದು ಹಿಗ್ಗಬೇಡಿ. ಸವದಾ ನಿಲ್ಲಿಸಿ, ನಿದ್ದೆ ಬರುತ್ತದೆಯೇ ಎಂದು ಕೇಳಿ. ಜೀವ ಬೇಡವಾಗಿದೆಯೇ ಎಂದೂ ಕೇಳಿ, ಕೇಳುವುದಕ್ಕೆ ಅಂಜಬೇಡಿ. ಒಬ್ಬನನ್ನೇ ಬಿಡಬೇಡಿ, ಡಾಕ್ಟರ ಬಾಗಿಲವರೆಗೆ ಜೊತೆಗೆ ಹೋಗಿ. ಮತ್ತು ಗುಳಿಗೆಯ ವಿಷಯದಲ್ಲಿ ಚೌಕಾಸಿ ಬೇಡ. ನಾನು ಮಾಡಿ ಸೋತಿದ್ದೇನೆ.