ಕೆಂಗೇರಿಯಲ್ಲಿ ನೀರು ಕುಡಿದ ದೋಣಿ

ಮೈಸೂರಿಗೆ ಹೊರಟವನು ಟೀಗೆಂದು ಕೆಂಗೇರಿಯಲ್ಲಿ ಇಳಿದೆ. ಪಕ್ಕದ ರಸ್ತೆಯ ಶೆಡ್ಡಿನಲ್ಲಿ ದೋಣಿ ಕಂಡು ಒಳಗೆ ಹೋದೆ. ಹಳೇ ಮರದ ದೋಣಿಗಳನ್ನು ಕಾಪಾಡುವುದನ್ನು ಅಲ್ಲಿ ಕಲಿಸುತ್ತಾರಂತೆ. ಕಲಿಯುವವರು ಬಾಗಿಲು, ವಾರ್ಡ್‌ರೋಬ್ ಮಾಡುತ್ತಿದ್ದ ಬಡಗಿಗಳು. ಕಲಿಸುವ ಶಾರದಾ ಮೇಡಂ ಹೊನ್ನಾವರದವರು. ಕಡಲಿಂದ ಲಾರಿಯಲ್ಲಿ ತಂದ ದೋಣಿ ಇಲ್ಲಿನ ಒಣಗಾಳಿಗೆ ಹಲಗೆ ಹಲಗೆಯ ನಡುವೆ ಸಂದು ಬಿಟ್ಟಿತ್ತು. ಒಬ್ಬ ಬಡಗಿ ಅದಕ್ಕೆ ತುಂಬಲು ಆಗಲೇ ಪುಟ್ಟಿ ಕಲೆಸಿಕೊಂಡಿದ್ದ.

"ಬೇಡ. ನೀರು ಕುಡಿದ್ರೆ ಮರ ಊದಿ ಸಂದು ತಾನೇ ಮುಚ್ತದೆ. ಪುಟ್ಟಿ ತುಂಬಿದ್ರೆ ಊದೋಕೆ ಜಾಗ ಸಿಗದೆ ಹಲಗೆ ಸೀಳ್ತದೆ," ಎಂದ ಮೇಡಂ ಒದ್ದೆ ಗೋಣಿ ಹೊದಿಸತೊಡಗಿದರು.

ಎದುರುಮನೆಯಾಕೆ ಗೇಟಿನಲ್ಲೇ ನಿಂತು ರೇಗಿದರು. "ನಾವು ಟ್ಯಾಂಕರ್‌ಗೆ ಕಾಯ್ತಾ ಕೂತಿದೀವಿ, ನೀವು ಮರಕ್ಕೆ ನೀರು ಕುಡಿಸ್ತೀರಾ?"

ನನಗೂ ಆಕೆಯ ಮಾತೇ ಸರಿಯೆನಿಸಿತು. ಮನೆಯೊಳಗೆ ಹೋದಾಕೆ ಸ್ವಲ್ಪ ಹೊತ್ತಿಗೆ ಬಕೆಟ್ ಹಿಡಿದು ಬಂದರು.

"ಫಿಲ್ಟರ್ ಹೊರಗೆ ಬಿಡೋ ನೀರು. ಉಪ್ಪು ಜಾಸ್ತಿ, ಗಿಡಕ್ಕೂ ಆಗಲ್ಲ. ಇದಕ್ಕೆ ನಡೆಯುತ್ತಾ?"

ಮೇಡಂ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದರು.

"ಹಾಕಿ ಅಕ್ಕ. ಪಾಪ, ಉಪ್ಪು ಕಾಣದೆ ಎಷ್ಟು ದಿನ ಆಯ್ತೋ ಇದಕ್ಕೆ."

ಆಕೆ ಬಕೆಟ್ಟನ್ನು ಯಾರ ಕೈಗೂ ಕೊಡಲಿಲ್ಲ. ತಾವೇ ಬಗ್ಗಿ, ನಿಧಾನವಾಗಿ ಸುರಿದರು.